ಕೊನೆಯದಾಗಿ ಕಂಡದ್ದು ಐದು ಹನ್ನೆರಡಕ್ಕೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ವಸೀಂನನ್ನು ಕೇಳಿದೆ.

"ಸೆಟ್ಟಿಂಗ್ಸ್‌ನಿಂದ ಸಾರ್" ಎಂದ.

ವಸೀಂಗೆ ಎಲ್ಲವೂ ಸೆಟ್ಟಿಂಗ್ಸ್‌ನಿಂದಲೇ ಶುರುವಾಗುತ್ತದೆ. ಸಂತೆಮರಹಳ್ಳಿ ಸರ್ಕಲ್ಲಿನಲ್ಲಿ ಅವನದೊಂದು ಮೊಬೈಲ್ ಅಂಗಡಿ. ಮೊದಲು ಚಾಮರಾಜನಗರದಲ್ಲಿ ನಮ್ಮ ಬೀದಿಯಲ್ಲೇ ಇತ್ತು. ಅಂಗಡಿ ಎತ್ತಿಕೊಂಡು ಹೋದಾಗ ನನ್ನ ಪಾಸ್‌ವರ್ಡುಗಳೂ ಅವನ ತಲೆಯೊಳಗೆ ಕೂತು ಸಂತೆಮರಹಳ್ಳಿಗೆ ಹೋದವು. ಹಾಗಾಗಿ ಫೋನಿಗೆ ಏನಾದರೂ ಆದರೆ ನಾನು ಭಾನುವಾರ ಬಸ್ಸು ಹತ್ತಬೇಕು, ಅವನ ಮಾತು ತೆಗೆದುಹಾಕುವ ಧೈರ್ಯವೂ ನನಗಿಲ್ಲ.

ಆದರೂ ಕಥೆಗಾರ ಎಂದಮೇಲೆ ನನಗೂ ಒಂದು ಮರ್ಯಾದೆ ಇದೆಯಲ್ಲ. (ಎರಡು ಕಥೆ ಅಚ್ಚಾಗಿವೆ. ಒಂದರಲ್ಲಿ ನನ್ನ ಹೆಸರಿನ ಬದಲು ಇನ್ಯಾರದೋ ಹೆಸರು ಬಂದಿತ್ತು. ಆ ಇನ್ಯಾರೋ ನನಗೆ ಫೋನ್ ಮಾಡಿ, ಕಥೆ ಚೆನ್ನಾಗಿಲ್ಲ, ನನ್ನ ಹೆಸರು ಹಾಳಾಯಿತು ಎಂದು ಬೈದ.) ಕೆಲಸ ಗುಂಡ್ಲುಪೇಟೆಯಲ್ಲಿ ಗುಮಾಸ್ತಗಿರಿ, ಮನೆ ಚಾಮರಾಜನಗರದಲ್ಲಿ. ಬರೆಯುವುದೆಲ್ಲ ಹೋಗಿಬರುವ ಬಸ್ಸಿನಲ್ಲಿ, ಹೆಬ್ಬೆರಳಿನಲ್ಲಿ. ವಾಕ್ಯ ಅಲ್ಲಲ್ಲಿ ಕುಲುಕಿದರೆ ಅದನ್ನು ಪ್ರಯೋಗ ಎಂದುಕೊಳ್ಳಿ.

ಮೊದಲ ಡ್ರಾಫ್ಟ್ ಹೀಗೆ ಶುರುವಾಗಿತ್ತು: "ಅವನು ಆನ್‌ಲೈನ್‌ನಲ್ಲಿದ್ದ. ಆದರೆ ಅವನು ಇರಲಿಲ್ಲ."

ಓದಿ ನನಗೇ ನಾಚಿಕೆಯಾಯಿತು. ಪಕ್ಕದ ಸೀಟಿನವರೂ ಓದಿಬಿಟ್ಟಿದ್ದರು. ಅಳಿಸಿದೆ.

೧ (ಮತ್ತೆ)

ಎರಡನೇ ಡ್ರಾಫ್ಟಿನಲ್ಲಿ ಶಿವರಂಜಿನಿ ಎಂಬ ಹುಡುಗಿ ಇದ್ದಳು. ಚಾಮರಾಜನಗರದ ಜೋಡಿರಸ್ತೆಯಲ್ಲಿ ನಿಂತು, ಹುಡುಗನೊಬ್ಬ ಮೆಸೇಜ್ ಓದಿಯೂ ಉತ್ತರ ಕೊಡದಿದ್ದಕ್ಕೆ ನೀಲಿ ಟಿಕ್ ನೋಡುತ್ತ ಕಣ್ಣೀರು ಹಾಕಬೇಕಿತ್ತು. ಎರಡು ಪುಟ ಹಾಕಿದಳು. ಮೂರನೇ ಪುಟದಲ್ಲಿ ನನ್ನ ಕಡೆ ತಿರುಗಿದಳು.

"ಸಾರ್, ಇನ್ನೆಷ್ಟು ಹೊತ್ತು ಇಲ್ಲಿ ನಿಂತ್ಕೊಂಡು ಅಳ್ಬೇಕು? ನಂಗೆ ನಾಳೆ ಬಿ.ಎಡ್. ಎಕ್ಸಾಮ್ ಇದೆ."

"ಸ್ವಲ್ಪ ತಾಳಮ್ಮ, ಕ್ಲೈಮ್ಯಾಕ್ಸ್ ಬರುತ್ತೆ."

"ಆ ಕ್ಲೈಮ್ಯಾಕ್ಸ್ ನಂಗೆ ಗೊತ್ತು ಸಾರ್. ಅವನಿಗೆ ಆಕ್ಸಿಡೆಂಟ್ ಆಗಿರುತ್ತೆ."

ನಿಜಕ್ಕೂ ನಾನು ಅದನ್ನೇ ಇಟ್ಟುಕೊಂಡಿದ್ದೆ. ಅವಳು ಆಟೋ ಹತ್ತಿ ಹೋದಳು. ಕಥೆಯಲ್ಲಿ ಜಾಗ ಖಾಲಿಯಾಯಿತು. ನಾನು ವಸೀಂನ ಅಂಗಡಿಯಲ್ಲಿ ಸ್ಕ್ರೀನ್‌ಗಾರ್ಡ್ ಹಾಕಿಸುತ್ತ ಕೂತಿದ್ದಾಗ, ಕರೆಯದೆಯೇ ಗುರುಮಲ್ಲಮ್ಮ ಒಳಗೆ ಬಂದರು.

೨

ಗುರುಮಲ್ಲಮ್ಮ ಉಮ್ಮತ್ತೂರಿನವರು. ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾರೆ. ದಾಖಲೆಯ ಪ್ರಕಾರ ವಯಸ್ಸು ಐವತ್ತೆಂಟು, ಮಂಡಿಯ ಪ್ರಕಾರ ಎಪ್ಪತ್ತು. ಕೆಟ್ಟ ತೆಂಗಿನಕಾಯಿ ವಾಪಸ್ ಕೊಡುವವರ ಹಾಗೆ ಫೋನನ್ನು ಗಾಜಿನ ಮೇಲೆ ಕುಕ್ಕಿದರು.

"ವಸೀಮು, ಇದ್ರೊಳ್ಗ ನಮ್ಮ ಸಿವಸಾಮಿ ಇದ್ದ. ಈಗ ಇಲ್ಲ. ಎಲ್ಗೋದ?"

ಶಿವಸ್ವಾಮಿ ಎಂದರೆ ಅವರ ತಮ್ಮ. ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ಅಟೆಂಡರ್.

ವಸೀಂ ನೋಡಿದ. "ಇದಾರಲ್ಲಮ್ಮ. ಹೆಸರಿದೆ, ಫೋಟೋ ಇದೆ."

"ಎಸರದ ಕಣಪ್ಪ. ಎಸರಿನ ಕೆಳಗ ಐದು ಅನ್ನೆರಡು ಅಂತ ಬರ್ತಿತ್ತಲ್ಲ, ಅದಿಲ್ಲ. ಮಂಗ್ಳಾರದಿಂದ ಇಲ್ಲ."

ವಿಷಯ ಇಷ್ಟೇ. ಗುರುಮಲ್ಲಮ್ಮ ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಎದ್ದ ತಕ್ಷಣ ವಾಟ್ಸಾಪಿನಲ್ಲಿ ತಮ್ಮನ ಹೆಸರು ಒತ್ತುತ್ತಾರೆ. ಆಗ ಅಲ್ಲಿ ನಿನ್ನೆಯದೇ ಇರುತ್ತದೆ. ಒಲೆ ಹಚ್ಚಿ, ನೀರಿಟ್ಟು, ಐದೂವರೆಗೆ ಮತ್ತೆ ಒತ್ತುತ್ತಾರೆ. ಲಾಸ್ಟ್ ಸೀನ್ ಟುಡೇ, 5:12. ಇಂಗ್ಲಿಷ್ ಬರದಿದ್ದರೂ ಅಂಕಿ ಬರುತ್ತದೆ, ಟುಡೇ ಎಂಬ ಅಕ್ಷರಗಳ ಆಕಾರವೂ ಅಭ್ಯಾಸವಾಗಿದೆ. ನೋಡಿ ಫೋನ್ ಮಡಗಿ ಕೆಲಸಕ್ಕೆ ಹೋಗುತ್ತಾರೆ. ಫೋನು ತೆಗೆದುಕೊಂಡ ನಾಲ್ಕು ವರ್ಷದಿಂದ ಇದೇ ನಡೆದಿದೆ. ಇದುವರೆಗೆ ಒಂದು ಮೆಸೇಜ್ ಕಳಿಸಿಲ್ಲ, ಒಂದೂ ಬಂದಿಲ್ಲ.

"ಎದ್ದವ್ನೆ ಅನ್ನದು ಗೊತ್ತಾಯ್ತದ. ಅಸ್ಟು ಸಾಕು ನಂಗ" ಎಂದರು.

ತಮ್ಮ ಇವರನ್ನು ಬ್ಲಾಕ್ ಮಾಡಿರಬಹುದೇ ಎಂದು ನೋಡಲು ವಸೀಂ ಅವನ ಹೆಸರಿನ ಒಳಗೆ ಹೋದ. ಅಲ್ಲಿ 'ಅಬೌಟ್' ಎಂಬ ಕಡೆ ಒಂದು ಸಾಲಿತ್ತು: ಅಟ್ ದ ಮೂವೀಸ್.

"ಪಿಕ್ಚರ್‌ನಲ್ಲಿದೀನಿ ಅಂತ ಹಾಕ್ಕೊಂಡವ್ರೆ ಅಮ್ಮ" ಎಂದು ನಕ್ಕ.

"ಯಾವ ಪಿಚ್ಚರಂತ? ನೀ ಮೊದ್ಲು ನನ್ನ ಫೋನ್ಗ ವಾಟ್ಸಾಪ್ ಆಕ್ದಾಗ್ಲೂ ಅಂಗೇ ಓದಿ ಹೇಳ್ದೆ. ನಾಕು ವರ್ಸದಿಂದ ಬುಟ್ಟಿಲ್ವ ಅದು?"

(ಓದುಗರಿಗೆ ಒಂದು ವಿವರಣೆ. ವಾಟ್ಸಾಪಿನಲ್ಲಿ ನಾವು ಎಲ್ಲಿದ್ದೇವೆ, ಬಿಡುವಾಗಿದ್ದೇವೋ ಇಲ್ಲವೋ ಎಂದು ಹೇಳಲು ರೆಡಿಮೇಡ್ ಸಾಲುಗಳ ಪಟ್ಟಿಯೊಂದಿದೆ. ಲಭ್ಯ, ಬಿಜಿ, ಶಾಲೆಯಲ್ಲಿ, ಸಿನಿಮಾದಲ್ಲಿ, ಮೀಟಿಂಗಿನಲ್ಲಿ, ಹೀಗೆ. ಗುರುಮಲ್ಲಮ್ಮನ ಫೋನಿನಲ್ಲಿ ಆ ಪಟ್ಟಿ ತೆರೆದಿದ್ದಾಗ ಅವರ ಹೆಬ್ಬೆರಳು ಎಲ್ಲೋ ತಾಗಿ 'ಅಟ್ ದ ಜಿಮ್' ಎಂದು ಕೂತಿದೆ. ಹೆಡ್‌ಮಾಸ್ಟರ್ ಗುರುಪಾದಸ್ವಾಮಿ ಅದನ್ನು ನೋಡಿದಾಗಲೆಲ್ಲ ಸಾರಿಗೆ ಉಪ್ಪು ಸರಿಯಿದೆಯೇ ಎಂದು ಎರಡು ಸಲ ಕೇಳುತ್ತಾರಂತೆ.)

(ಇನ್ನೊಂದು ವಿವರ. ಆ ಸಾಲಿನ ಕೆಳಗೆ, ಅದನ್ನು ಯಾವತ್ತು ಹಾಕಿದ್ದು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ತಾರೀಕು ಇರುತ್ತದೆ. ಶಿವಸ್ವಾಮಿಯ ಸಾಲಿನ ಕೆಳಗೆ 27 ಜನವರಿ 2017 ಎಂದಿತ್ತು. ವಸೀಂ ಗಮನಿಸಲಿಲ್ಲ. ಗುರುಮಲ್ಲಮ್ಮನಿಗೆ ಕನ್ನಡಕ ಹಾಕಿದರೂ ಅಷ್ಟು ಚಿಕ್ಕದು ಕಾಣುವುದಿಲ್ಲ. ನಾನು ನೋಡಿದೆ. ನೀವೂ ನೆನಪಿಟ್ಟುಕೊಳ್ಳಿ.)

ಬ್ಲಾಕ್ ಆಗಿರಲಿಲ್ಲ. ಆಗ ನಾನು ಬುದ್ಧಿವಂತನ ಹಾಗೆ ಬಾಯಿ ಹಾಕಿದೆ. "ಒಂದು ಫೋನ್ ಮಾಡಿ ಕೇಳಬಹುದಲ್ಲಮ್ಮ?"

ವಸೀಂ ಕೌಂಟರಿನ ಕೆಳಗೆ ನನ್ನ ಕಾಲು ಒದ್ದ.

"ಮಾತು ಬಿಟ್ಟವ್ರೆ ಸಾರ್" ಎಂದ ಮೆಲ್ಲಗೆ.

೩

ಮಾತು ಬಿಡುವುದು ನಮ್ಮ ಕಡೆ ಒಂದು ಕಸುಬು. ಅದಕ್ಕೆ ತಾಳ್ಮೆ ಬೇಕು, ಜ್ಞಾಪಕಶಕ್ತಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಡುವೆ ಒಂದು ಕಂಬ ಬೇಕು. ಒಂದೇ ಮನೆಯಲ್ಲಿ ಮಾತು ಬಿಟ್ಟವರು ಊಟಕ್ಕೆ ಕರೆಯಬೇಕಲ್ಲ! ಆಗ ಕಂಬಕ್ಕೆ ಹೇಳುತ್ತಾರೆ, ಕೋಳಿಗೆ ಹೇಳುತ್ತಾರೆ, ಕರುವಿಗೆ ಹೇಳುತ್ತಾರೆ. ಗುರುಮಲ್ಲಮ್ಮನ ಅವ್ವ ಮತ್ತು ಅವರ ಓರಗಿತ್ತಿ ಹದಿನಾಲ್ಕು ವರ್ಷ ಒಂದು ಒರಳುಕಲ್ಲಿನ ಮೂಲಕವೇ ಸಂಸಾರ ಮಾಡಿದ್ದರಂತೆ. "ಒಳ್ಕಲ್ಲೇ, ಮುದ್ದ ಆಗದ, ಉಣ್ಣೋರು ಉಣ್ಬೋದು." "ಒಳ್ಕಲ್ಲೇ, ಅಸಿವಿಲ್ಲ ಅಂತೇಳು." ಓರಗಿತ್ತಿ ತೀರಿಕೊಂಡಾಗ ಗುರುಮಲ್ಲಮ್ಮನ ಅವ್ವ ಆ ಒರಳನ್ನು ತಬ್ಬಿಕೊಂಡು ಅತ್ತಿದ್ದನ್ನು ಊರೇ ನೋಡಿದೆ.

ಆದರೆ ಉಮ್ಮತ್ತೂರಿಗೂ ಗುಂಡ್ಲುಪೇಟೆಗೂ ನಡುವೆ ಎರಡು ಬಸ್ಸಿನ ದಾರಿ. ಅಷ್ಟು ಉದ್ದಕ್ಕೆ ನಿಲ್ಲುವ ಕಂಬ ಯಾವ ಮನೆಯಲ್ಲೂ ಇಲ್ಲ. ಹಾಗಾಗಿ ಫೋನು.

ಮಾತು ಬಿಟ್ಟ ಕಾರಣ? ಗೊತ್ತಿರಲಿಲ್ಲ. ಕಥೆಗಾರನಿಗೆ ಗೊತ್ತಿಲ್ಲದಿದ್ದರೆ ಹುಟ್ಟಿಸಬೇಕು. ಜಮೀನಿನ ಪಾಲು ಎಂದು ಬರೆದೆ.

"ಇರದು ಮೂವತ್ತು ಗುಂಟ" ಎಂದರು ಗುರುಮಲ್ಲಮ್ಮ, ನನ್ನ ಫೋನಿನ ಕಡೆ ಬಗ್ಗಿ. "ಅದ್ರಲ್ಲಿ ಪಾಲ್ ಮಾಡುದ್ರ ಇಬ್ರೂ ಒಂದೇ ಕಾಲಲ್ಲಿ ನಿಲ್ಬೇಕಾಯ್ತದ. ಅಳಸು ಅದ."

ಅಳಿಸಿ, ತಮ್ಮನ ಎಲೆಗೆ ಒಬ್ಬಟ್ಟು ಬಡಿಸಲು ಮರೆತರು ಎಂದು ಬರೆದೆ.

"ಒಬ್ಬಟ್ಗ ಮಾತು ಬುಡೋಕ ನಾವೇನು ಮಕ್ಕಳಾ? ನೀ ಏನಪ್ಪ, ಕೇಳುದ್ರ ನಾನೇ ಹೇಳ್ತಿರ್ನಿಲ್ವ?"

ಕೇಳಿದೆ. ಹೇಳಿದರು. ಅವರ ಮಾತಿನಲ್ಲೇ ಇಡುತ್ತೇನೆ, ಇದರಲ್ಲಿ ನನ್ನ ಪ್ರಯೋಗ ಏನೂ ಇಲ್ಲ.

"ಜನವರಿ ಇಪ್ಪತ್ತಾರು. ಇಸ್ಕೂಲಲ್ಲಿ ಜೆಂಡಾ ಆರ್ಸಿ ಮಕ್ಕಳ್ಗ ಕೇಸರಿಬಾತು ಇಕ್ತಿದ್ದಿ. ನಿಮ್ಮವ್ವ ಓಗ್ಬುಟ್ಳು ಅಂತ ಬಂದೇಳುದ್ರು. ಸೌಟು ಕೈಲೇ ಇತ್ತು, ಅಂಗೇ ಓಡ್ದಿ. ನಾಳ ಅಮಾಸ, ಒತ್ತು ಮುಳುಗಾದ್ರೊಳ್ಗ ಮಣ್ಣು ಮಾಡ್ಬೇಕು ಅಂತ ಕುಲಸ್ಥರು ಕೂತ್ಬುಟ್ರು. ಇರವ ಒಬ್ಬ ಮಗ. ಪಕ್ಕದ್ಮನ ಮೂಗಯ್ಯನ ಫೋನಿಸ್ಕಂಡು ಅನ್ನೊಂದು ಸಲ ಮಾಡ್ದಿ. ಅನ್ನೊಂದು ಸಲವೂ ಅದ್ಯಾವಳೋ ಒಬ್ಬಳು, ಸ್ವಿಚಾಪ್ ಆಗದ ಅಂತಾಳ. ಅಂವ ಬರಾಗಂಟ ಮಡಿಕಳಿ ಅಂದಿ, ಯಾರೂ ಕೇಳ್ನಿಲ್ಲ. ಎಲ್ಲ ಮುಗುದು ದೀಪ ಅಚ್ಚುದ್ಮೇಲ ಬಂದ. ಎಲ್ಲಿದ್ಲಾ ಅಂದಿ. ಡ್ಯೂಟಿ ಅಕ್ಕ, ಜೆಂಡಾ ಡ್ಯೂಟಿ ಅಂದ."

ಇಲ್ಲಿ ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ಒಂಬತ್ ಗಂಟ್ಗ ಆರ್ಸ ಜೆಂಡಾವ ಸಾಯಂಕಾಲ್ಗಂಟ ಆರಿಸ್ತಾರಾ? ಇಸ್ಕೂಲಲ್ಲಿ ಕೆಲ್ಸ ಮಾಡೋಳ್ಗ ಹೇಳ ಮಾತಾ? ಮಣ್ಣಾಕೋಕ ಬರ್ನಿಲ್ಲ ಅಂತ ಸಿಟ್ಟಲ್ಲ ಕಣಪ್ಪ ನಂಗ. ಅವ್ವನ ಗುದ್ದಿನ ಮಣ್ಣು ಇನ್ನೂ ಅಸಿ ಇರಾಗ ಸುಳ್ಳೇಳ್ಬುಟ್ಟ. ಎಲ್ಲಾರ ಮುಂದ್ಗಡ ಆಣ ಇಟ್ಬುಟ್ಟಿ. ನಾ ನಿನ್ನ ಮಾತಾಡ್ಸುದ್ರೂ, ನೀ ನನ್ನ ಮಾತಾಡ್ಸುದ್ರೂ ಮಾದಪ್ಪನಾಣ ಅಂತ."

ಮಾದಪ್ಪನ ಆಣೆ ಎಂದರೆ ಈ ಸೀಮೆಯಲ್ಲಿ ಆಟವಲ್ಲ. ಬೆಟ್ಟದ ಸ್ವಾಮಿಯ ಮೇಲೆ ಇಟ್ಟ ಆಣೆ ಮುರಿದವರ ಕಥೆಗಳು ಊರೂರಿಗೂ ಇವೆ, ಒಂದರ ಕೊನೆಯೂ ಚೆನ್ನಾಗಿಲ್ಲ. ಒಂಬತ್ತು ವರ್ಷವಾಯಿತು.

"ಈಗಲೂ ಸಿಟ್ಟಿದೆಯಾ?" ಎಂದು ಕೇಳಿದೆ.

"ಸಿಟ್ಟು ಎಲ್ಲದ, ಬುಡು. ಆವತ್ತು ಎಲ್ಲಿದ್ದ ಅನ್ನದೊಂದು ಗೊತ್ತಾಗ್ಬೇಕು, ಸಾಯಾದ್ರೊಳ್ಗ. ಅದ ಕೇಳಂಗೂ ಇಲ್ವಲ್ಲ ನಾನೇ ಇಟ್ಟ ಆಣೆಗ."

ಆ ಸಾಲಿನ ಕೆಳಗಿನ ತಾರೀಕು ನನಗೆ ನೆನಪಾಯಿತು. ಅವರ ತಾಯಿ ತೀರಿಕೊಂಡದ್ದು ಇಪ್ಪತ್ತಾರು. ತಮ್ಮ 'ಸಿನಿಮಾದಲ್ಲಿದ್ದೇನೆ' ಎಂದು ಹಾಕಿದ್ದು ಮರುದಿನ, ಇಪ್ಪತ್ತೇಳು. ಆಮೇಲೆ ಅದನ್ನು ಒಂದು ಸಲವೂ ಬದಲಾಯಿಸಿಲ್ಲ. ಅಂದರೆ ಅವರ ಪ್ರಶ್ನೆಗೆ ಉತ್ತರ ಅವರದೇ ಫೋನಿನಲ್ಲಿ ನಾಲ್ಕು ವರ್ಷದಿಂದ ಬಿದ್ದಿತ್ತು. ನನಗೆ ಗೊತ್ತಾಯಿತು, ನಾನು ಹೇಳಲಿಲ್ಲ.

(ಯಾಕೆ ಹೇಳಲಿಲ್ಲ? ಕಥೆ ಮೂರನೇ ಭಾಗಕ್ಕೇ ಮುಗಿದುಹೋಗುತ್ತಿತ್ತು ಎನ್ನುವುದು ಒಂದು. ಹೇಳಬೇಕಾದವನು ನಾನಲ್ಲ ಎನ್ನುವುದು ಇನ್ನೊಂದು. ಎರಡನೆಯದು ಸ್ವಲ್ಪ ಗೌರವಸ್ಥ ಕಾರಣ, ಅದನ್ನೇ ಇಟ್ಟುಕೊಳ್ಳಿ.)

೫

(ನಾಲ್ಕು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ತಂತ್ರಜ್ಞಾನ ಮತ್ತು ಮನುಷ್ಯ ಸಂಬಂಧಗಳ ಬಗ್ಗೆ ಒಂದೂವರೆ ಪುಟ ಚಿಂತನೆ ಇತ್ತು. ಗುರುಮಲ್ಲಮ್ಮ ಆಕಳಿಸಿದರು.)

ವಸೀಂ ತಲೆ ಕೆರೆದುಕೊಳ್ಳುತ್ತಿದ್ದ. "ಅಮ್ಮ, ಮಂಗಳವಾರ ನೀವು ರೀಚಾರ್ಜ್‌ಗೆ ಬಂದಿದ್ರಲ್ಲ?"

"ಊ."

"ಆವತ್ತು ಒಂದು ಮೆಸೇಜ್ ಓಡಾಡ್ತಿತ್ತು ಸಾರ್. ಲಾಸ್ಟ್ ಸೀನ್ ನೋಡಿ ಕಳ್ಳರು ಮನೇಲಿ ಯಾರೂ ಇಲ್ಲ ಅಂತ ತಿಳ್ಕೋತಾರೆ ಅಂತ. ನಾನು ಸೇಫ್ಟಿ ಅಂತ ಬಂದ ಕಸ್ಟಮರ್‌ಗೆಲ್ಲ ಆಫ್ ಮಾಡ್ಕೊಟ್ಟೆ. ಅರವತ್ತೆರಡು ಜನಕ್ಕೆ. ನನ್ನ ಹೆಂಡತಿ ಫಾಯಿಜಾದೂ ಮಾಡ್ದೆ."

"ನಂದ ಆಪ್ ಮಾಡುದ್ರ ಅವ್ನದು ಯಾಕ್ಲಾ ಓಗ್ಬೇಕು?"

"ಅದು ಅದರ ರೂಲು ಅಮ್ಮ. ನಮ್ದು ಮುಚ್ಚಿದ್ರೆ ಬೇರೆಯವ್ರದೂ ನಮಗೆ ಕಾಣಲ್ಲ. ನಾವು ಕಾಣಿಸ್ಕೊಂಡ್ರೇನೇ ಅವ್ರು ಕಾಣೋದು." ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಫಾಯಿಜಾ. ಮಂಗಳವಾರದಿಂದ ಗಂಡ ಆನ್‌ಲೈನ್‌ನಲ್ಲಿರುವುದು ಕಾಣದೆ ಗಂಟೆಗೊಮ್ಮೆ ಎಲ್ಲಿದ್ದೀರಿ ಎಂದು ಕೇಳುತ್ತಿದ್ದಾಳಂತೆ. "ದುಕಾನ್ ಮೇಂಚ್ ಹೂಂ", ಅಂಗಡಿಯಲ್ಲೇ ಇದ್ದೀನಿ, ಎಂದು ಹೇಳಿ ಇಟ್ಟ.

ಗುರುಮಲ್ಲಮ್ಮ ಗಾಜಿನ ಮೇಲೆ ಕೈಯೂರಿ ನಿಂತೇ ಇದ್ದರು. ಯೋಚಿಸುತ್ತಿದ್ದರು.

"ಅಂಗಂದ್ರ, ನಾ ಎದ್ದುದ್ದು ಅವ್ನ್ಗೂ ಕಾಣ್ತಿತ್ತಾ?"

"ಕಾಣ್ತಿತ್ತಲ್ಲಮ್ಮ."

"ದಿನಾವ?"

"ಅವ್ರು ನೋಡಿದ್ರೆ."

ಇಲ್ಲಿ ನಾನು ಓದುಗರನ್ನು ಒಂದು ಮಾತು ಕೇಳುತ್ತೇನೆ. ಶಿವಸ್ವಾಮಿಯ ಕಾಲೇಜು ಶುರುವಾಗುವುದು ಹತ್ತಕ್ಕೆ. ಮನೆಯಿಂದ ಕಾಲೇಜಿಗೆ ಏಳು ನಿಮಿಷ. ಆ ಕಡೆ ಬೆಳಿಗ್ಗೆ ಐದಕ್ಕೆ ಕೆಲಸವಿರುವುದು ಕೇರಳಕ್ಕೆ ತರಕಾರಿ ಲೋಡ್ ಮಾಡುವವರಿಗೆ. ಹಾಗಿದ್ದಮೇಲೆ ಈ ಮನುಷ್ಯ ದಿನಾ ಐದು ಹನ್ನೆರಡಕ್ಕೆ ಫೋನ್ ತೆಗೆದು ಏನು ನೋಡುತ್ತಿದ್ದ?

ಗುರುಮಲ್ಲಮ್ಮನೂ ಅದನ್ನೇ ಯೋಚಿಸಿದರು ಎಂದು ಕಾಣುತ್ತದೆ. ಸ್ಟೂಲಿನ ಮೇಲೆ ಕೂತರು. "ಆನ್ ಮಾಡು ಬೇಗ" ಎಂದರು.

ವಸೀಂ ಸೆಟ್ಟಿಂಗ್ಸ್‌ಗೆ ಹೋದ. (ಅವನು ಮೊದಲೇ ಹೇಳಿದ್ದ, ನಾನೇ ಕೇಳಲಿಲ್ಲ.) ಆನ್ ಮಾಡಿ, ಶಿವಸ್ವಾಮಿಯ ಹೆಸರು ಒತ್ತಿದ. ಮೂವರೂ ಬಗ್ಗಿ ನೋಡಿದೆವು.

ಲಾಸ್ಟ್ ಸೀನ್, ಗುರುವಾರ, 5:12.

ಈ ದಿನ ಭಾನುವಾರ.

"ಇದು ಟುಡೇ ಅಲ್ಲ" ಎಂದರು ಗುರುಮಲ್ಲಮ್ಮ. ಆ ಆಕಾರ ಅವರಿಗೆ ಗೊತ್ತು.

ನಾನು ನನ್ನ ಫೋನಿನಿಂದ ಶಿವಸ್ವಾಮಿಯ ನಂಬರಿಗೆ ಮಾಡಿದೆ. ನಾನು ಮಾಡಿದರೆ ಆಣೆ ಮುರಿಯುವುದಿಲ್ಲ. ಸ್ಪೀಕರಿನಲ್ಲಿ ಒಬ್ಬ ಹೆಂಗಸು, ನೀವು ಕರೆ ಮಾಡಿದ ಚಂದಾದಾರರ ಫೋನು ಸ್ವಿಚ್ ಆಫ್ ಆಗಿದೆ ಎಂದಳು.

ಗುರುಮಲ್ಲಮ್ಮ ನನ್ನ ಫೋನಿಗೆ ಬೆರಳು ತೋರಿಸಿದರು.

"ಇವ್ಳೇ" ಎಂದರು. "ಆವತ್ತೂ ಇವ್ಳೇ ಮಾತಾಡುದ್ದು."

೬

ಇಲ್ಲಿ ಕೆಲವು ಅಂತ್ಯಗಳು ಲಭ್ಯ ಇವೆ.

ಅಂತ್ಯ ಒಂದು: ಶಿವಸ್ವಾಮಿ ಗುರುವಾರವೇ... ನಾನು ವಾಕ್ಯ ಮುಗಿಸಿರಲಿಲ್ಲ. "ನಿನ್ನ ಬಾಯ್ಗ ಮಣ್ಣಾಕ" ಎಂದು ಗುರುಮಲ್ಲಮ್ಮ ಎದ್ದರು. "ಬರ್ದೀಯ ಅದ? ಬರಿ ನೋಡ್ತೀನಿ!" ಅವರ ಕೈಯಲ್ಲಿ ಸೌಟಿರಲಿಲ್ಲ, ನನ್ನ ಪುಣ್ಯ. ಬರೆಯಲಿಲ್ಲ.

ಅಂತ್ಯ ಎರಡು, ವಸೀಂ ಕೊಟ್ಟದ್ದು: ಈಗಿಂದೀಗಲೇ ಪರದೆಯ ಮೇಲೆ 'ಟೈಪಿಂಗ್' ಎಂದು ಬರುತ್ತದೆ. ಅಲ್ಲಿಗೆ ಕಟ್. "ಸೂಪರ್ ಆಗಿರುತ್ತೆ ಸಾರ್." ನನಗೂ ಆಸೆಯಾಯಿತು. ಆದರೆ ಸ್ವಿಚ್ ಆಫ್ ಆದ ಫೋನಿನಿಂದ ಟೈಪ್ ಮಾಡಲು ಶಿವಸ್ವಾಮಿ ಏನು ಮಾಯಾವಿಯೇ?

ಅಂತ್ಯ ಮೂರಕ್ಕೆ ಅವರು ಕಾಯಲಿಲ್ಲ.

"ನಿಮ್ಮ ಕತ ನೀವೇ ಮಡಿಕಳಿ. ಗುಂಡ್ಲುಪ್ಯಾಟ ಬಸ್ಸು ಎಸ್ಟೊತ್ಗದ?"

"ಚಾಮರಾಜನಗರಕ್ಕೆ ಹೋಗಿ ಅಲ್ಲಿ ಬದಲಾಯಿಸಬೇಕು. ಆದರೆ ಅಮ್ಮ, ಆಣೆ?"

"ಮಾತಾಡಂಗಿಲ್ಲ ಅಂತ ಆಣ. ನೋಡಂಗಿಲ್ಲ ಅಂತ ಇಲ್ವಲ್ಲ."

ಬೇಕಾದರೆ ನೀವೂ ತಪ್ಪು ಹುಡುಕಿ, ನನಗೆ ಸಿಗಲಿಲ್ಲ. ನಮ್ಮ ಮನೆ ದಾರಿಯಲ್ಲೇ ಇತ್ತು, ಇಳಿದು ಹೋಗಬಹುದಿತ್ತು. ಆದರೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅವರು ನನ್ನ ಅಂಗಿಯ ತೋಳು ಹಿಡಿದವರು ಬಿಡಲಿಲ್ಲ. ಗುಂಡ್ಲುಪೇಟೆ ಬಸ್ಸು ಹತ್ತಿದೆವು. ಅವರು ಆಧಾರ್ ಕಾರ್ಡ್ ತೋರಿಸಿದರು, ನಾನು ಟಿಕೆಟ್ ತೆಗೆದೆ.

ಕಿಟಕಿಯ ಹೊರಗೆ ಸೂರ್ಯಕಾಂತಿ ಹೊಲ ಬಂತು. ಕಥೆಯಲ್ಲಿ ಸ್ವಲ್ಪ ಪ್ರಕೃತಿ ಇರಲಿ ಎಂದು ಹೆಬ್ಬೆರಳು ಎತ್ತಿದೆ.

"ಒರಗ ನೋಡ್ಕಂಡು ಏನ್ ಬರೀತಿದ್ದಯ್? ಫೋನ್ ನೋಡು. ಬಂತಾ?"

ಅವರ ಕನ್ನಡಕ ವಸೀಂನ ಕೌಂಟರಿನ ಮೇಲೆ ಉಳಿದಿತ್ತು. ಫೋನು ನನ್ನ ಕೈಗೆ ಕೊಟ್ಟು ಐದೈದು ನಿಮಿಷಕ್ಕೆ "ಬಂತಾ?" ಎನ್ನುತ್ತಿದ್ದರು. ಬಂದಿರಲಿಲ್ಲ. ಗುರುವಾರವೇ ಇತ್ತು. ಆರನೇ ಸಲ ಕೇಳಿದಾಗ ನನಗೆ ಒಂದು ಸುಳ್ಳು ಹೇಳಿಬಿಡೋಣ ಎನಿಸಿತು. ಸುಳ್ಳಿಗೆ ಅವರು ಎಂಥ ಶಿಕ್ಷೆ ಕೊಡುತ್ತಾರೆ ಎಂದು ನೆನಪಾಗಿ ಸುಮ್ಮನಾದೆ.

೭

ತೆರಕಣಾಂಬಿ.

ಚಾಮರಾಜನಗರದಿಂದ ಹೋಗುವ ಬಸ್ಸೂ ಗುಂಡ್ಲುಪೇಟೆಯಿಂದ ಬರುವ ಬಸ್ಸೂ ಇಲ್ಲಿ ನಿಂತು, ಡ್ರೈವರುಗಳು ಟೀ ಕುಡಿಯುತ್ತಾರೆ. ದಿನಾ ಓಡಾಡುವ ನನಗೆ ಇದು ಗೊತ್ತು. ಆದ್ದರಿಂದ ಮುಂದೆ ಆಗುವುದನ್ನು ಕಥೆಗಾರನ ಕೈವಾಡ ಎನ್ನಬೇಡಿ, ಟೈಮ್‌ಟೇಬಲ್ ಎನ್ನಿ.

ಎದುರು ನಿಂತ ಬಸ್ಸಿನಿಂದ ಒಬ್ಬ ಮನುಷ್ಯ ಇಳಿದ. ಬಿಳಿ ಪ್ಯಾಂಟು, ಕುರುಚಲು ಗಡ್ಡ, ಕೈಯಲ್ಲಿ ಒಂದು ಬಟ್ಟೆ ಚೀಲ. ಫೋಟೋದಲ್ಲಿ ನೋಡಿದ್ದೆ. ನಾನು ತಿರುಗುವಷ್ಟರಲ್ಲಿ ನನ್ನ ಪಕ್ಕದ ಸೀಟು ಖಾಲಿ. ಮಂಡಿ ನೋವಿನ ಹೆಂಗಸು ಬಸ್ಸಿನ ಮೂರು ಮೆಟ್ಟಿಲನ್ನು ಹೇಗೆ ಇಳಿದರೋ ಕಾಣೆ.

ಅಕ್ಕ ತಮ್ಮ ನಾಲ್ಕು ಮಾರು ದೂರದಲ್ಲಿ ನಿಂತರು. ಅವನು ಬಾಯಿ ತೆರೆದ, ಆಣೆ ನೆನಪಾಗಿ ಮುಚ್ಚಿದ. ಗುರುಮಲ್ಲಮ್ಮ ಸುತ್ತ ನೋಡಿದರು. ತಂಗುದಾಣದಲ್ಲಿ ಕಂಬವೊಂದಿತ್ತು, ಆದರೆ ಅದಕ್ಕೆ ಒಬ್ಬ ಒರಗಿ ಕಡ್ಲೆಕಾಯಿ ತಿನ್ನುತ್ತಿದ್ದ. ಕೋಳಿ ಒಂದೂ ಇರಲಿಲ್ಲ. ಅವರ ಕಣ್ಣು ನನ್ನ ಮೇಲೆ ಬಿತ್ತು.

"ಬಾ ಇಲ್ಲಿ. ನಡಮದ್ಯ ನಿಂತ್ಕೊ."

ನಿಂತೆ.

"ಚೀಲ್ದಲ್ಲಿ ಏನದ ಅಂತ ಕೇಳು."

ನಾನು ಕೇಳಬೇಕಾಗಲಿಲ್ಲ. ಶಿವಸ್ವಾಮಿ ನನ್ನ ಅಂಗಿಯ ಎರಡನೇ ಗುಂಡಿಯನ್ನು ನೋಡುತ್ತ ಚೀಲ ಅಗಲಿಸಿದ. ಒಂದು ಕಡೆ ಸೀಬೆಹಣ್ಣು, ಇನ್ನೊಂದು ಕಡೆ ಸೇವಂತಿಗೆಯ ದಪ್ಪನೆಯ ಹಾರ.

"ಆರ ಯಾರ್ಗ?"

"ಸಾರ್, ಕೆಲವರು ಮಂಗ್ಳಾರದಿಂದ ಕಾಣ್ನಿಲ್ಲ. ಇದ್ರ ಅಣ್ಣು ಕೊಟ್ಬುಟ್ಟು ಬರನ, ಇಲ್ದಿದ್ರ ಅಂತ..." ಎಂದು ಗುಂಡಿಗೆ ಹೇಳಿದ.

"ಕಾಣ್ನಿಲ್ಲ ಅಂದ್ರ ಸತ್ತೋದ್ಳು ಅಂತನಾ? ಅಸ್ಟು ದಪ್ಪ ಆರವ? ಫೋನ್ ಯಾಕ್ ಆಪ್ ಮಾಡ್ದ ಕೇಳು ಮೊದ್ಲು."

"ಬುಧ್ವಾರ ನೋಡ್ದೆ ಸಾರ್, ಇರ್ನಿಲ್ಲ. ಗುರ್ವಾರ ನೋಡ್ದೆ, ಇರ್ನಿಲ್ಲ. ಆಮೇಲ ಚಾರ್ಜ್ ಮುಗೀತು, ನಾ ಆಕ್ನಿಲ್ಲ. ಇನ್ಯಾರ್ನ ನೋಡೋಕ ಆಕ್ಬೇಕಾಗಿತ್ತು ಸಾರ್? ಊರ್ಗ ಫೋನ್ ಮಾಡಿ ಕೇಳನ ಅಂದ್ರ, ಆವತ್ತು ನಂಗ ಮಾಡುದ್ರಲ್ಲ, ಅದೇ ತರ ಸುದ್ದಿ ಬಂದ್ಬುಟ್ರ ಅಂತ ಭಯ."

ಗುರುಮಲ್ಲಮ್ಮ ನನ್ನ ಕಡೆ ತಿರುಗಿದರು.

"ಕಾಲೇಜು ಅತ್ತು ಗಂಟ್ಗ. ಐದು ಅನ್ನೆರಡ್ಕ ಯಾಕ್ ಏಳ್ತಿದ್ದ ಕೇಳು."

"ಏಳಾದು ಐದ್ಕೆ ಸಾರ್. ಅನ್ನೆರಡು ನಿಮ್ಸ ಧೈರ್ಯ ಬರೋಕ. ಇವತ್ತು ಇಲ್ದಿದ್ರ ಅಂತ."

ನಾನು ಆಗ ಏನಾದರೂ ಚಮತ್ಕಾರದ ಮಾತು ಬರೆಯಬಹುದಿತ್ತು. ಬರೆಯಲಿಲ್ಲ. ಗುರುಮಲ್ಲಮ್ಮ ನನ್ನ ಭುಜದ ಆಚೆಯಿಂದ ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಸೊರಗೋಗವ್ನ. ಉಂಡವ್ನಾ ಕೇಳು. ಇವ್ನ ಎಡ್ತಿ ಎಲ್ಲೋದ್ಳು ಕೇಳು."

"ತವರ್ಗ ಓಗವ್ಳ ಸಾರ್." (ನಾನೇ ಕಳಿಸಿದ್ದು. ಅವಳಿದ್ದಿದ್ದರೆ ಚಾರ್ಜ್ ಹಾಕಿಬಿಡುತ್ತಿದ್ದಳು, ಕಥೆ ಇರುತ್ತಿರಲಿಲ್ಲ.)

"ಇನ್ನೊಂದು ಕೇಳು." ದನಿ ತಗ್ಗಿತು. "ಅವ್ವ ಓದ ದಿನ ಎಲ್ಲಿದ್ದ? ಡ್ಯೂಟಿ ಅನ್ನಾದ್ ಬ್ಯಾಡ. ನಿಜ ಏಳ್ಲಿ. ಬೈಯಲ್ಲ ಅಂತೇಳು. ಎಲ್ಲಿದ್ದ ಅಂತ ಒಂದು ಏಳ್ಬುಡ್ಲಿ ಸಾಕು."

ಶಿವಸ್ವಾಮಿ ಚೀಲದ ಬಾಯಿ ಕಟ್ಟಿದ. ಬಿಚ್ಚಿದ. ಮತ್ತೆ ಕಟ್ಟಿದ.

೭ (ಮುಂದುವರಿದಿಲ್ಲ)

ಈಗ ನನ್ನ ಕಷ್ಟ ಕೇಳಿ.

ಕಥೆಯನ್ನು ಮುಗಿಸಬೇಕಾದ ಜಾಗ ಇದೇ. ಆದರೆ ನಾನು ಮುಗಿಸಿದೆ ಎಂದರೆ ಇವರ ನಡುವಿನಿಂದ ಪಕ್ಕಕ್ಕೆ ಸರಿದೆ ಎಂದರ್ಥ. ಕಂಬ ಸರಿದರೆ ಇಬ್ಬರಿಗೂ ಮಾತಿಲ್ಲ. ಒಂಬತ್ತು ವರ್ಷದ ಮೇಲೆ ಸಿಕ್ಕಿದ ಕಂಬ ನಾನು, ಕಡ್ಲೆಕಾಯಿ ತಿನ್ನುವವನು ಇನ್ನೂ ಆ ಕಂಬ ಬಿಟ್ಟಿಲ್ಲ.

ಉತ್ತರ ನನಗೆ ಗೊತ್ತು, ಹೇಳಿಬಿಡಬಹುದು. ರಜೆಯ ದಿನ, ಒಬ್ಬನೇ ಹೋಗಿ ಸಿನಿಮಾದಲ್ಲಿ ಕೂತಿದ್ದ, ಒಳಗೆ ಹೋಗುವಾಗ ಫೋನ್ ಆಫ್ ಮಾಡಿದ. ಇಷ್ಟೇ. ತಪ್ಪಲ್ಲ, ಆದರೆ ಅವ್ವನ ಗುದ್ದಿನ ಮುಂದೆ ನಿಂತು ಹೇಳಲಾಗದ ಮಾತು. ಹೇಳಲಾಗದ್ದಕ್ಕೆ ಮರುದಿನ ಊರಿಗೆಲ್ಲ ಕಾಣುವ ಜಾಗದಲ್ಲಿ ಬರೆದಿಟ್ಟ. ಎಲ್ಲರೂ ನೋಡಿ ನಕ್ಕರು. ಓದಬೇಕಾದವರಿಗೆ ಆಗ ಫೋನೇ ಇರಲಿಲ್ಲ. ಆಮೇಲೆ ಫೋನು ಬಂತು, ಸಾಲು ಓದಿ ಹೇಳಿದವನು ತಾರೀಕು ಓದಲಿಲ್ಲ.

ಆದರೆ ಚಾಮರಾಜನಗರದ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಇದು ತಪ್ಪಿದರೆ ಇನ್ನು ಒಂದು ಗಂಟೆ ಬಸ್ಸಿಲ್ಲ. ನನ್ನ ಹೆಂಡತಿಯ ಹನ್ನೆರಡು ಮೆಸೇಜ್ ಬಂದಿವೆ, ಎಲ್ಲ ನೀಲಿಯಾಗಿವೆ, ಒಂದಕ್ಕೂ ಉತ್ತರ ಕೊಟ್ಟಿಲ್ಲ. ನನಗೂ ಒಂದು ಮನೆ ಇದೆ, ಅಲ್ಲೂ ಮಾತು ಬಿಡುವುದು ಗೊತ್ತು.

ನೀವು, ಹೌದು, ಓದುತ್ತಿರುವವರು, ಬಿಡುವಾಗಿದ್ದೀರಲ್ಲ? ಇಲ್ಲಿಯವರೆಗೆ ಓದಿದ್ದೀರಿ ಎಂದರೆ ಬಿಡುವಾಗಿದ್ದೀರಿ ಎಂದೇ ಲೆಕ್ಕ. ಸ್ವಲ್ಪ ಈ ಕಡೆ ಬನ್ನಿ. ಹಾಗೆ. ಇನ್ನೊಂದು ಹೆಜ್ಜೆ. ಇಬ್ಬರ ಮುಖವನ್ನೂ ನೇರ ನೋಡಬೇಡಿ, ರಸ್ತೆ ನೋಡಿ. ನಿಮ್ಮ ಅಂಗಿಯ ಗುಂಡಿಯನ್ನೋ ಸೆರಗಿನ ಅಂಚನ್ನೋ ಅವನು ದಿಟ್ಟಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಇಗೋ, ಅಮ್ಮನ ಫೋನು ನಿಮ್ಮ ಕೈಗೆ. ನಾನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದೇನೆ.

ಶಿವಸ್ವಾಮಿ ನಿಮಗೆ ಹೇಳುತ್ತಿದ್ದಾನೆ:

"ಅದ್ರಲ್ಲಿ ನನ್ನ ಎಸ್ರು ಒತ್ತಿ. ಪಿಚ್ಚರ್ ಅಂತ ಇಂಗ್ಲಿಸಲ್ಲಿ ಬರ್ದಿವ್ನಲ್ಲ, ಅದ್ರ ಕೆಳ್ಗ ಸಣ್ಣದಾಗಿ ಒಂದು ತಾರೀಕದ. ಅದ ಓದೇಳಿ ನಮ್ಮಕ್ಕನ್ಗ. ನನ್ನ ಕೈಲಾಗಲ್ಲ."

ಗುರುಮಲ್ಲಮ್ಮ ನಿಮ್ಮ ಪಕ್ಕಕ್ಕೆ ಬಂದು, ಪರದೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡುತ್ತಾರೆ.

"ಕನ್ನಡ್ಕ ವಸೀಮನ ಅಂಗ್ಡೀಲೇ ಬುಟ್ಬುಟ್ಟಿ. ಯಾವ ತಾರೀಕದು? ಗಟ್ಯಾಗಿ ಓದು."